ಪಕ್ಕದ ಸೀಟಿನ ಬ್ರೇಕು

ಫೆಬ್ರವರಿ 3

ಕಡ್ಡಿ,

ಫೋನಿನಲ್ಲಿ ನಿನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೇನೆ ಎಂದು ನೀನು ಸಿಟ್ಟಾಗಿ ಫೋನ್ ಇಟ್ಟು ಇವತ್ತಿಗೆ ಹದಿನೇಳು ದಿನ. 'ಇನ್ಮೇಲೆ ಏನಿದ್ರೂ ಕಾಗದ ಬರೀರಿ ಅಪ್ಪ, ಇಬ್ಬರ ಮಾತೂ ಪೂರ್ತಿಯಾಗುತ್ತೆ' ಎಂದೆಯಲ್ಲ, ಇಗೋ, ಬರೆದಿದ್ದೇನೆ. ಡ್ರೈವಿಂಗ್ ಕಲಿಯುವವರ ಪುಸ್ತಕದಲ್ಲಿ 'ಕ್ಲಚ್ ಬೇಗ ಬಿಡುತ್ತಾನೆ' ಎಂದು ಗೀಚುವುದು ಬಿಟ್ಟರೆ ನಾನು ಯಾವತ್ತು ಏನು ಬರೆದವನು? ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದ್ದರೆ ಹೊಟ್ಟೆಗೆ ಹಾಕಿಕೋ.

ನಗುವುದಿಲ್ಲ ಎಂದು ಮಾತು ಕೊಟ್ಟರೆ ಒಂದು ವಿಷಯ ಹೇಳುತ್ತೇನೆ. ನಿನ್ನ ಅಮ್ಮ ನನ್ನನ್ನು ಡ್ಯಾನ್ಸ್ ಕ್ಲಾಸಿಗೆ ಸೇರಿಸಿದ್ದಾಳೆ. ಶನಿವಾರ ಸಾಯಂಕಾಲ ನಾಲ್ಕಕ್ಕೆ, ಕನ್ನಡಕದ ಅಂಗಡಿಯ ಮಹಡಿಯ ಮೇಲೆ. ಕೆಳಗೆ ಕಣ್ಣು ಪರೀಕ್ಷೆ ಮಾಡುವ ಹೆಂಗಸೇ ಮೇಲೆ ಡ್ಯಾನ್ಸ್ ಟೀಚರು. ಸ್ವಿಂಗ್ ಎಂದು ಅದರ ಹೆಸರು. ಹಳೇ ಕಾಲದ ತುತ್ತೂರಿ, ಡ್ರಮ್ಮಿನ ಸಂಗೀತಕ್ಕೆ ಇಬ್ಬಿಬ್ಬರು ಕೈ ಹಿಡಿದುಕೊಂಡು ಕುಣಿಯುವುದು. ಒಬ್ಬರು ದಾರಿ ತೋರಿಸಬೇಕು, ಅವರು ಲೀಡ್. ಇನ್ನೊಬ್ಬರು ಅದನ್ನು ಕೈಯಲ್ಲೇ ಓದಿಕೊಂಡು ಸಾಗಬೇಕು, ಅವರು ಫಾಲೋ. ನಾನು ಲೀಡ್. ಇಪ್ಪತ್ತೆಂಟು ವರ್ಷ ಊರಿಗೆಲ್ಲ ಕಾರು ಕಲಿಸಿದವನಿಗೆ ಇದೆಷ್ಟರ ಕೆಲಸ ಎಂದುಕೊಂಡೆ.

ಹೆಜ್ಜೆ ಎರಡೇ ವಾರಕ್ಕೆ ಬಂತು. ಎಡಗಾಲು ಹಿಂದೆ, ಬಲಗಾಲು ಅಲ್ಲೇ, ಆಮೇಲೆ ಒಂದು ಬದಿಗೆ ಪುಟಪುಟನೆ ಮೂರು, ಇನ್ನೊಂದು ಬದಿಗೆ ಪುಟಪುಟನೆ ಮೂರು. ಬಾರದಿರುವುದು ಕನೆಕ್ಷನ್ನಂತೆ. 'ನಿಮ್ಮಿಬ್ಬರ ಕೈ ಮಧ್ಯೆ ಒಂದು ರಬ್ಬರ್ ಪಟ್ಟಿ ಇದೆ ಅಂದ್ಕೊಳ್ಳಿ' ಎನ್ನುತ್ತಾಳೆ ಆ ಕನ್ನಡಕದವಳು. 'ಸಡಿಲ ಬಿಟ್ರೆ ಸುದ್ದಿ ಹೋಗಲ್ಲ. ಬಿಗಿದ್ರೆ ಬರೀ ನಿಮ್ಮ ಕೂಗಾಟ ಹೋಗುತ್ತೆ.'

ನಾನೆಲ್ಲಿ ಕೂಗಿದೆ? ತುಟಿಪಿಟಕ್ ಅನ್ನದೆ ಕುಣಿಯುತ್ತೇನೆ. ಆದರೂ ನಿನ್ನ ಅಮ್ಮ ಮೆಟ್ಟಿಲಿಳಿಯುವಾಗ ಏನೆಂದಳು ಗೊತ್ತೆ? 'ಹೋಗು ಅಂತೀರಿ, ಹೊರಡೋಷ್ಟರಲ್ಲಿ ನಿಲ್ಲು ಅಂತೀರಿ. ನಾನೇನು ನಿಮ್ಮ ಹತ್ರ ಲೈಸೆನ್ಸ್‌ಗೆ ಬಂದಿದ್ದೀನಾ?' ಅವಳಿಗೆ ತಾಳವೇ ಇಲ್ಲ, ಅದು ವಿಷಯ. ಪರದೆ ಹೊಲಿಯುವ ಮಿಷನ್ನಿನ ವೇಗಕ್ಕೆ ಒಗ್ಗಿಹೋಗಿದ್ದಾಳೆ.

ಉತ್ತರ ಬರೆ. ಪೂರ್ತಿ ಓದುತ್ತೇನೆ.

ನಿನ್ನ ಅಪ್ಪ

*

ಫೆಬ್ರವರಿ 19

ಅಪ್ಪನಿಗೆ,

ನಕ್ಕೆ. ಮಾತು ಕೊಟ್ಟಿರಲಿಲ್ಲ, ಆದ್ದರಿಂದ ತಪ್ಪಿದ ಹಾಗಾಗಲಿಲ್ಲ. ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಒಬ್ಬ ಮುದುಕರ ಕಾಲಿನ ಪಟ್ಟಿ ಕತ್ತರಿಸುತ್ತಿದ್ದಾಗ ನಿಮ್ಮ 'ಪುಟಪುಟನೆ ಮೂರು' ನೆನಪಾಗಿ ನಗು ತಡೆಯಲಾಗಲಿಲ್ಲ. ಗರಗಸ ಕೈಯಲ್ಲಿ ಹಿಡಿದ ನರ್ಸು ತನ್ನಷ್ಟಕ್ಕೆ ನಗುತ್ತಿದ್ದರೆ ಆ ಮನುಷ್ಯನಿಗೆ ಹೇಗಾಗಿರಬೇಡ!

ಆದರೆ ಅಮ್ಮನಿಗೆ ತಾಳವಿಲ್ಲ ಎಂದು ಬರೆದದ್ದು ಓದಿ ನಗು ಹೋಯಿತು. ಮಿಷನ್ ತುಳಿಯುತ್ತಾ ಅಮ್ಮ ಹಾಡುವಷ್ಟು ತಾಳಬದ್ಧವಾಗಿ ನಮ್ಮ ಮನೆಯಲ್ಲಿ ಯಾರೂ ಏನನ್ನೂ ಮಾಡಿದವರಲ್ಲ.

ನೀವು ಹೇಗೆ ಹಿಡಿಯುತ್ತೀರಿ ಎಂದು ನನಗೆ ನೆನಪಿದೆ. ಸ್ಕೂಲಿಗೆ ಹೋಗುವಾಗ ರಸ್ತೆ ದಾಟಿಸಲು ನೀವು ನನ್ನ ಕೈ ಹಿಡಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದಿರಿ. ಅಮ್ಮ ಕೈ ಹಿಡಿಯುತ್ತಿದ್ದಳು. ಅಮ್ಮನ ಜೊತೆ ದಾಟುವಾಗ ನಾನೂ ಎರಡೂ ಕಡೆ ನೋಡುತ್ತಿದ್ದೆ. ನಿಮ್ಮ ಜೊತೆ ದಾಟುವಾಗ ನೋಡುತ್ತಲೇ ಇರಲಿಲ್ಲ, ಯಾಕೆಂದರೆ ಅದು ನನ್ನ ಕೆಲಸವಾಗಿರಲಿಲ್ಲ.

ಇದನ್ನು ಫೋನಿನಲ್ಲಿ ಹೇಳಿದ್ದರೆ 'ಮಣಿಕಟ್ಟು' ಎನ್ನುವಷ್ಟರಲ್ಲೇ ನೀವು ಮಾತು ಬದಲಿಸುತ್ತಿದ್ದಿರಿ. ಅದಕ್ಕೇ ಕಾಗದ.

ಇಲ್ಲಿ ಚಳಿ ಜಾಸ್ತಿ. ಆಗ ಮುರಿದ ಕೈಯೊಳಗಿನ ಎರಡು ಸ್ಕ್ರೂಗಳು ಬೆಳಿಗ್ಗೆ ನನಗಿಂತ ಮೊದಲೇ ಏಳುತ್ತವೆ. ಎರಡು ಬಸ್ಸು ಬದಲಿಸಿ ಆಸ್ಪತ್ರೆ ತಲುಪುವಷ್ಟರಲ್ಲಿ ಸರಿಹೋಗುತ್ತದೆ.

ಕಡ್ಡಿ

*

ಮಾರ್ಚ್ 8

ಕಡ್ಡಿ,

ನಿನ್ನ ಅಮ್ಮ ನನ್ನನ್ನು ಬಿಟ್ಟಳು. ಗಾಬರಿಯಾಗಬೇಡ, ಮನೆಯಲ್ಲೇ ಇದ್ದಾಳೆ. ಡ್ಯಾನ್ಸಿನಲ್ಲಿ ಬಿಟ್ಟಳು.

ಹೋದ ಶನಿವಾರ ಎಲ್ಲರ ಎದುರಿಗೆ, ಟೀಚರ ಹತ್ತಿರ ಹೋಗಿ, 'ವರ್ಷದ ಕಾರ್ಯಕ್ರಮಕ್ಕೆ ನನಗೆ ಬೇರೆ ಜೊತೆ ಕೊಡಿ' ಎಂದಳು. ಸೆಪ್ಟೆಂಬರಿನಲ್ಲಿ ಕ್ಲಾಸಿನವರೆಲ್ಲ ಮನೆಯವರ ಮುಂದೆ ಕುಣಿದು ತೋರಿಸಬೇಕಂತೆ. ಸರಿ, ಅವಳಿಗೆ ಸಿಕ್ಕಿದ್ದು ಯಾರು? ನಮ್ಮ ಬೀದಿಯ ಕೊಳಾಯಿಯವನು! ಸಿಂಕ್ ಕೆಳಗೆ ತೂರಿದರೆ ಹೊರಗೆ ಎಳೆಯಲು ಇನ್ನೊಬ್ಬ ಬೇಕು, ಅಷ್ಟು ದಪ್ಪ. ಆ ಮನುಷ್ಯ ಕುಣಿಯಲು ನಿಂತರೆ ನೆಲಕ್ಕೇ ಗೊತ್ತಾಗುವುದಿಲ್ಲ. ನಿನ್ನ ಅಮ್ಮ ಅವನ ಜೊತೆ ತಿರುಗುವಾಗ ನಗುತ್ತಾಳೆ, ಬಾಯಿ ತೆರೆದು. ನನಗೆ ಹೊಟ್ಟೆಕಿಚ್ಚು ಎಂದು ನೀನು ಬರೆಯುತ್ತೀ. ಹೌದು, ಹೊಟ್ಟೆಕಿಚ್ಚೇ. ಅಡಗಿಸುವುದೇನಿದೆ?

ಮನೆಗೆ ಬಂದು ಕೇಳಿದೆ. ಅವಳು ಪರದೆಗೆ ಕೊಕ್ಕೆ ಹಾಕುತ್ತಲೇ ಹೇಳಿದಳು: 'ಮೂವತ್ತೊಂದು ವರ್ಷ ನಿಮ್ಮ ಪಕ್ಕ ಕೂತು ಊರು ನೋಡಿದ್ದೀನಿ. ಇಲ್ಲಾದ್ರೂ ನನ್ನ ಕಾಲ ಮೇಲೆ ನಾನು ತಿರುಗೋಣ ಅಂತ ಬಂದೆ ಕಣ್ರೀ. ನೀವು ಅಲ್ಲೂ ಬಿಡಲ್ಲ.' ನಾನು ಏನು ಬಿಡಲಿಲ್ಲ? ಯಾವುದನ್ನು ಬಿಡಲಿಲ್ಲ? ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅವಳೊಬ್ಬಳೇ ಆಗಿದ್ದರೆ ಗಂಡ ಹೆಂಡಿರ ಜಗಳ ಎನ್ನಬಹುದಿತ್ತು. ಕ್ಲಾಸಿನಲ್ಲಿ ಐದು ನಿಮಿಷಕ್ಕೊಮ್ಮೆ ಜೊತೆ ಬದಲಾಗುತ್ತದೆ. ಔಷಧಿ ಅಂಗಡಿಯವಳು, ಗಣಿತದ ಮಿಸ್ಸು, ಅವರ ತಂಗಿ, ಎಲ್ಲರದೂ ಒಂದೇ ರಾಗ: 'ಸರ್, ನೀವು ನಿಲ್ಲಿಸಿದ್ರಾ?' ನಾನು ನಿಲ್ಲಿಸಿಲ್ಲ! ನಿಂತವರು ಅವರು, ನನ್ನನ್ನು ಕೇಳುತ್ತಾರೆ.

ನಿನ್ನ ಮಣಿಕಟ್ಟಿನ ವಿಚಾರ ಓದಿದೆ. ರಸ್ತೆಯಲ್ಲಿ ಮಗುವನ್ನು ಮತ್ತೆ ಹೇಗೆ ಹಿಡಿಯಬೇಕು? ಕೈ ಜಾರುತ್ತದೆ, ಮಣಿಕಟ್ಟು ಜಾರುವುದಿಲ್ಲ.

ಈ ವಾರ ಹೊಸ ಬ್ಯಾಚು ಬಂತು. ಮೊದಲ ದಿನ ಎಂದಿನಂತೆ ನಿನ್ನ ಕಥೆ ಹೇಳಿದೆ, ಕಾರು ಕಲಿಯುವಾಗ ಸರ್ಕಲ್ಲಿನ ನಡುವೆ ನನ್ನ ಮಗಳೇ ಹೆದರಿ ಬ್ರೇಕ್ ಒತ್ತಿದ್ದು, ಹಾಲಿನ ವ್ಯಾನು ಬಂದು ಗುದ್ದಿದ್ದು. ಅದನ್ನು ಕೇಳಿದ ಮೇಲೆ ಒಬ್ಬರೂ ಕಾಲಿನ ಜೊತೆ ಆಟವಾಡುವುದಿಲ್ಲ.

ನಿನ್ನ ಅಪ್ಪ

*

ಮಾರ್ಚ್ 23

ಅಪ್ಪನಿಗೆ,

ಇನ್ನೂ ಆ ಕಥೆ ಹೇಳುತ್ತೀರಾ? ಹನ್ನೊಂದು ವರ್ಷವಾಯಿತಲ್ಲ. ನಿಮ್ಮ ಲೆಕ್ಕದಲ್ಲಿ ಎಷ್ಟು ಬ್ಯಾಚುಗಳಿಗೆ ನಾನು ಬ್ರೇಕ್ ಒತ್ತಿದ್ದೇನೆ?

ಇರಲಿ. ಒತ್ತಿದ್ದು ನಾನೇ ತಾನೆ.

ಒಂದು ಸುದ್ದಿ ಇದೆ. ಆಸ್ಪತ್ರೆಯಿಂದ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಒಂದು ತಂಡ ಮಾಡುತ್ತಿದ್ದಾರೆ. ಎದ್ದು ಬರಲಾಗದವರು, ಸೊಂಟ ಮುರಿದವರು, ಒಂಟಿ ಮುದುಕಿಯರು. ದೊಡ್ಡ ಸಿಸ್ಟರು ನನ್ನನ್ನು ಕರೆದು, 'ಈ ತಂಡ ನೀನೇ ನಡೆಸ್ಬೇಕು, ಇನ್ಯಾರ ಹೆಸರೂ ನನ್ನ ತಲೇಲಿಲ್ಲ' ಎಂದರು. ಅಪ್ಪ, ಇಷ್ಟು ವರ್ಷದಲ್ಲಿ ನನಗೆ ನಿಜವಾಗಿ ಬೇಕು ಅನ್ನಿಸಿದ ಕೆಲಸ ಇದೊಂದೇ. ಆದರೆ ಕಾರು ಓಡಿಸಲು ಬರಬೇಕು. ದಿನಕ್ಕೆ ಎಂಟು ಮನೆ. ಮೇ ತಿಂಗಳ ಕೊನೆಯೊಳಗೆ ಹೌದೋ ಅಲ್ಲವೋ ಹೇಳಬೇಕು.

ಬೇಡ ಎನ್ನಬೇಕೆಂದೇ ಮನಸ್ಸಿನಲ್ಲಿದೆ. ನನ್ನ ಕಾಲನ್ನು ನಾನು ನಂಬುವುದಿಲ್ಲ. ಒತ್ತಿದ್ದು ನನಗೇ ತಿಳಿಯದ ಹಾಗೆ ಒತ್ತುವ ಕಾಲು ಇದು. ಅಂಥ ಕಾಲಿಟ್ಟುಕೊಂಡು ರಸ್ತೆಗಿಳಿಯಲು ನನಗೆ ಹಕ್ಕಿಲ್ಲ.

ನಿಮ್ಮ ಡ್ಯಾನ್ಸಿಗೆ ನನಗೆ ತಿಳಿದದ್ದು ಒಂದು ಹೇಳುತ್ತೇನೆ. ಮುರಿದ ಕೈಯನ್ನು ನಾವು ಹಿಡಿಯುವುದಿಲ್ಲ, ಹೊರುತ್ತೇವೆ. ಅಂಗೈ ಕೆಳಗಿಟ್ಟು ಕಾಯುತ್ತೇವೆ. ರೋಗಿ ತಾನಾಗಿ ಭಾರ ಬಿಡಬೇಕು. ಎಲ್ಲಿ ನೋಯುತ್ತದೆ ಎಂದು ಬಾಯಿ ಹೇಳುವ ಮೊದಲೇ ಆ ಕೈ ಹೇಳುತ್ತದೆ, ಆದರೆ ನಮ್ಮ ಕೈ ಸುಮ್ಮನಿದ್ದರೆ ಮಾತ್ರ. ಇದನ್ನು ಔಷಧಿ ಅಂಗಡಿಯವರ ಮೇಲೆ ಪ್ರಯೋಗಿಸಿ ನೋಡಿ. ಅಮ್ಮನ ಮೇಲೆ ಬೇಡ, ಅವಳು ಕೊಳಾಯಿಯವರ ಜೊತೆ ಸುಖವಾಗಿರಲಿ.

ಕಡ್ಡಿ

*

ಏಪ್ರಿಲ್ 14

ಕಡ್ಡಿ,

ಕೆಲಸದ ವಿಚಾರದಲ್ಲಿ ನಿನ್ನ ತೀರ್ಮಾನವೇ ಸರಿ. ಬಸ್ಸೇ ಕ್ಷೇಮ. ಕೆಲವರಿಗೆ ಡ್ರೈವಿಂಗ್ ಬರುವುದಿಲ್ಲ, ಅದರಲ್ಲಿ ನಾಚಿಕೆಯೇನಿಲ್ಲ. ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದವನು ಹೇಳುತ್ತಿದ್ದೇನೆ, ಸುಮ್ಮನೆ ಮೈಮೇಲೆ ಎಳೆದುಕೊಳ್ಳಬೇಡ.

ನೀನು ಹೇಳಿದ ಹಾಗೆ ಅಂಗೈ ಕೆಳಗಿಟ್ಟು ಕಾದೆ. ಔಷಧಿ ಅಂಗಡಿಯವಳು 'ಇವತ್ತು ಪರವಾಗಿಲ್ಲ ಸರ್' ಎಂದಳು. ಅದರ ಬೆನ್ನಲ್ಲೇ 'ಅಯ್ಯೋ, ಮತ್ತೆ ನಿಲ್ಲಿಸಿದ್ರಿ' ಎಂದಳು. ಮೈಯೆಲ್ಲ ಉರಿದುಹೋಯಿತು. ನಾನು ಟೀಚರನ್ನು ಕರೆದು, 'ನೀವೇ ನೋಡಿ ಹೇಳಿ, ನನ್ನ ಕೈಯಲ್ಲಿ ಏನು ತಪ್ಪಿದೆ?' ಎಂದೆ. ಅವಳು ನನ್ನ ಕೈ ನೋಡಲೇ ಇಲ್ಲ. ಕೆಳಗೆ ಹೋಗಿ ಸೀಮೆಸುಣ್ಣದ ಪುಡಿ ತಂದು ನನ್ನ ಎರಡೂ ಶೂಗಳ ತಳಕ್ಕೆ ಸವರಿದಳು. ನೆಲಕ್ಕೆ ಕಪ್ಪು ರಬ್ಬರ್ ಹಾಸಿದ್ದಾರೆ. ಒಂದು ಹಾಡು ಪೂರ್ತಿ ಕುಣಿಸಿ, 'ಈಗ ನೀವೇ ಓದಿ' ಎಂದಳು, ಕಣ್ಣಿನ ಚಾರ್ಟು ತೋರಿಸುವ ಹಾಗೆ.

ಎಡಗಾಲಿನ ಗುರುತು ಎಲ್ಲವೂ ಹಗುರ. ಬಲಗಾಲಿನದು ಎರಡನೇ ಎಣಿಕೆಗೆ ಬರುವಲ್ಲೆಲ್ಲ, ಮುಂಗಾಲು ಒತ್ತಿ, ಉಜ್ಜಿ, ಬೆಳ್ಳಗೆ ಕೊರೆದ ಹಾಗೆ. 'ಇಲ್ಲಿ ನೀವು ಕಾಲೊತ್ತಿ ಮಂಡಿ ಬಿಗೀತೀರಿ. ಅದು ಸೊಂಟಕ್ಕೆ, ಭುಜಕ್ಕೆ, ಕೈಗೆ ಹೋಗುತ್ತೆ. ಅವರಿಗೆ ಗೋಡೆ ಬಡಿದ ಹಾಗಾಗುತ್ತೆ' ಎಂದಳು. ನಾನು ಒತ್ತಿಲ್ಲ ಎಂದೆ. ಎಲ್ಲರೂ ನಕ್ಕರು. ಕೊಳಾಯಿಯವನು, 'ಸರ್, ಅದು ಬ್ರೇಕ್ ಹಾಕೋ ಕಾಲು! ಪಾಪ, ಪಕ್ಕದ ಸೀಟಿನ ಅಭ್ಯಾಸ' ಎಂದ. ಅವನಿಗೂ ಮಾತು ಬಂತು ನೋಡು.

ನಾನು ಒತ್ತಿಲ್ಲ. ಒತ್ತಿದ್ದರೆ ನನಗೆ ಗೊತ್ತಾಗುವುದಿಲ್ಲವೆ? ಸೀಮೆಸುಣ್ಣ ಹೇಗೆ ಬೇಕಾದರೂ ಬೀಳುತ್ತದೆ. ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ.

ನಿನ್ನ ಅಪ್ಪ

*

ಏಪ್ರಿಲ್ 27

ಅಪ್ಪನಿಗೆ,

ನಿಮ್ಮ ಕಾಗದ ಬಂದ ದಿನವೇ ದೊಡ್ಡ ಸಿಸ್ಟರಿಗೆ ಆ ಕೆಲಸ ಬೇಡವೆಂದು ಬರೆದುಕೊಟ್ಟೆ. ಇನ್ನೂ ಒಂದು ತಿಂಗಳಿತ್ತು. ನೀವೇ ಬಾರದು ಎಂದ ಮೇಲೆ ಕಾಯುವುದೇನು?

ಡ್ಯಾನ್ಸ್ ಬಿಡಬೇಡಿ. ಇಬ್ಬರೂ ಬಿಡುವುದು ಯಾಕೆ?

ನಿಮ್ಮ ಮಗಳು

*

ಮೇ 4

ಪುಟ್ಟಿ,

ನಿಮ್ಮಿಬ್ಬರ ಕಾಗದದ ವ್ಯವಹಾರದಲ್ಲಿ ನಾನು ತಲೆ ಹಾಕಬಾರದು ಎಂದಿದ್ದೆ. ಆದರೆ ನಿನ್ನ ಅಪ್ಪನಿಗೆ ಏನೋ ಆಗಿದೆ. ನಿನ್ನ ಚಿಕ್ಕ ಕಾಗದ ಬಂದಾಗ ಅದನ್ನು ಓದಿ ಮಡಚಿ ಶರ್ಟಿನ ಜೇಬಿನಲ್ಲಿಟ್ಟುಕೊಂಡರು. ಮಾರನೆಯ ದಿನ ಕಲಿಸುವ ಕಾರಿನ ಕೆಳಗೆ ಮಲಗಿ ಯಾವುದೋ ವೈರು ಜೋಡಿಸಿದರು. ಅವತ್ತಿನಿಂದ ಕಾರು ಬೀದಿಯಲ್ಲಿ ಹೋಗುವಾಗೆಲ್ಲ ಟೀಂ ಟೀಂ ಎಂದು ಕೂಗುತ್ತದೆ. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಾರೆ. ನಿನ್ನೆ ಮಧ್ಯಾಹ್ನ ನೋಡುತ್ತೇನೆ, ನಿಂತ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಒಬ್ಬರೇ ಕೂತು ಕಾಲಿನ ಕಡೆ ನೋಡುತ್ತಿದ್ದಾರೆ.

ಹೊಟ್ಟೆನೋವಿರಬೇಕು ಎಂದು ಮೊದಲು ಅಂದುಕೊಂಡೆ. ಈಗ ಅಲ್ಲವೆನ್ನಿಸುತ್ತದೆ. ಬೈಯುವುದನ್ನೇ ಬಿಟ್ಟಿದ್ದಾರೆ ಮಾರಾಯ್ತಿ. ಅದಕ್ಕೇ ನನಗೆ ಹೆದರಿಕೆ.

ಅವರ ಜೊತೆ ಕುಣಿಯಲ್ಲ ಎಂದದ್ದು ತಪ್ಪಾಯಿತೇನೋ. ಆದರೆ ಒಂದು ಮಾತು, ಆ ಮಹಡಿಯ ಮೇಲೆ ನಾನು ತಿರುಗಿದಾಗ ಎಷ್ಟು ಹಿತವಾಗುತ್ತದೆ ಎಂದು ನಿನಗೆ ಹೇಗೆ ಬರೆಯಲಿ?

ಅಮ್ಮ

*

ಮೇ 10

ಕಡ್ಡಿ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನಲ್ಲೂ, ಕಲಿಸುವವನ ಕಾಲಿಗೆಂದು, ಒಂದು ಬ್ರೇಕು ಇರುತ್ತದೆ; ಅದಕ್ಕೊಂದು ಕೂಗುವ ಗಂಟೆ. ನಾನು ಒತ್ತಿದರೆ ಅದು ಟೀಂ ಎಂದು ಕೂಗಬೇಕು, ಬ್ರೇಕು ಯಾರದು ಎಂದು ಕಲಿಯುವವರಿಗೆ ಗೊತ್ತಾಗಲಿ ಎಂದು. ಕಿವಿಗೆ ಕಿರಿಕಿರಿ ಎಂದು ಅದರ ವೈರನ್ನು ನಾನೇ ಕಿತ್ತುಹಾಕಿದ್ದೆ. ಎಷ್ಟೋ ವರ್ಷದ ಹಿಂದೆ. ನಿನಗೆ ಕಲಿಸುವುದಕ್ಕೂ ಮೊದಲು.

ಆ ಸೀಮೆಸುಣ್ಣ ಸುಳ್ಳು ಎಂದು ತೋರಿಸಬೇಕಿತ್ತು ನನಗೆ, ಅಷ್ಟೆ. ವೈರು ಜೋಡಿಸಿದೆ. ಒಬ್ಬರು ನಿವೃತ್ತ ಹೆಡ್‌ಮಿಸ್ಸು ಕಲಿಯಲು ಬರುತ್ತಾರೆ. ಗಂಟೆ ಕೂಗಿದ್ದನ್ನು ಅವರಿಗೆ ಎಣಿಸಲು ಹೇಳಿ, ನಾನು ಒತ್ತಿದ್ದನ್ನು ಮನಸ್ಸಿನಲ್ಲೇ ಎಣಿಸಿದೆ. ಒಂದು ಗಂಟೆಯ ಪಾಠ. ನನ್ನ ಲೆಕ್ಕ ಆರು. ಅವರ ಲೆಕ್ಕ ನಲವತ್ತೊಂದು. 'ಸರ್, ಇದನ್ನ ಓಡಿಸ್ತಾ ಇರೋದು ನಾನೋ, ನೀವೋ?' ಎಂದರು. ಗಂಟೆ ಕೆಟ್ಟಿದೆ ಎಂದು ಬಿಚ್ಚಿ ನೋಡಿದೆ. ಕೆಟ್ಟಿರಲಿಲ್ಲ. ಮಾರನೆಯ ದಿನ ಇನ್ನೊಬ್ಬರ ಜೊತೆ ಹೋದೆ. ಮೂವತ್ತೆಂಟು. ಗಂಟೆ ಕೂಗಿದಾಗೆಲ್ಲ ಕೆಳಗೆ ನೋಡುತ್ತೇನೆ, ನನ್ನ ಕಾಲು ಆಗಲೇ ಅಲ್ಲಿರುತ್ತದೆ. ನಾನು ಕಳಿಸಿಲ್ಲ. ಅದೇ ಹೋಗಿರುತ್ತದೆ.

ಮುಂದಿನದನ್ನು ನೀನು ಆಗಲೇ ಊಹಿಸಿರುತ್ತೀ. ಆದರೂ ನಾನೇ ಬರೆಯಬೇಕು.

ಸರ್ಕಲ್ಲಿನಲ್ಲಿ ಬ್ರೇಕ್ ಒತ್ತಿದ್ದು ನೀನಲ್ಲ. ನಾನು.

ಆಸ್ಪತ್ರೆಯಲ್ಲಿ, ಕೈಗೆ ಪಟ್ಟಿ ಹಾಕುವ ಮೊದಲು, ನೀನು ಒಂದು ಮಾತು ಹೇಳಿದೆ: 'ಅಪ್ಪ, ನಾನು ಬ್ರೇಕ್ ಒತ್ತಲಿಲ್ಲ.' ನಾನು ಹೇಳಿದೆ: 'ಹೆದರಿಕೇಲಿ ಒತ್ತಿರ್ತೀಯ ಕಂದ, ನಿಂಗೆ ಗೊತ್ತಾಗಿರಲ್ಲ.' ನೀನು ಮತ್ತೆ ಆ ಮಾತೆತ್ತಲಿಲ್ಲ. ನಿನಗೆ ಹತ್ತೊಂಬತ್ತು ವರ್ಷ. ನಾನು ಊರಿಗೇ ಡ್ರೈವಿಂಗ್ ಮಾಸ್ತರು. ನೀನು ನಿನ್ನ ಕಾಲನ್ನು ಬಿಟ್ಟು ನನ್ನ ಮಾತನ್ನು ನಂಬಿದೆ.

ಆಗ ನನಗೆ ಗೊತ್ತಿರಲಿಲ್ಲ ಎಂದರೆ ಅದು ಮುಕ್ಕಾಲು ನಿಜ. ಉಳಿದ ಕಾಲು ಭಾಗವನ್ನೂ ಹೇಳಿಬಿಡುತ್ತೇನೆ. ಅವತ್ತು ಸಂಜೆ ನನ್ನ ಬಲಪಾದ ನೋಯುತ್ತಿತ್ತು. ನಡುವಿನಲ್ಲಿ, ಅಡ್ಡಕ್ಕೆ, ಪೆಡಲಿನ ಅಗಲಕ್ಕೆ. ವ್ಯಾನು ಗುದ್ದಿದ ಪೆಟ್ಟು ಎಂದುಕೊಂಡೆ. ಆಮೇಲೆ ಅದರ ಬಗ್ಗೆ ಯೋಚಿಸಲಿಲ್ಲ. ಯೋಚಿಸದೆ ಇರಲು ಪ್ರಯತ್ನಪಟ್ಟೆ ಎನ್ನುವುದು ಸರಿ.

ಆ ಕೆಲಸವನ್ನು ಬಿಡಬೇಡ. ಹೋಗಿ ಕೇಳು. ನಿನ್ನ ಕಾಲಿನಲ್ಲಿ ಯಾವತ್ತೂ ದೋಷವಿರಲಿಲ್ಲ.

ಅಪ್ಪ

*

ಜೂನ್ 2

ಅಪ್ಪನಿಗೆ,

ಮೂರು ವಾರ ಬರೆಯಲಾಗಲಿಲ್ಲ.

ದೊಡ್ಡ ಸಿಸ್ಟರು ನನ್ನನ್ನು ಏನೆಂದು ಕರೆಯುತ್ತಾರೆ ಗೊತ್ತೆ? 'ಮೂರು ಸಲದವಳು.' ಪಟ್ಟಿ ಸುತ್ತಿದ ಮೇಲೆ ಬಿಗಿಯಾಯಿತೇ ಎಂದು ಮೂರು ಸಲ ನೋಡುತ್ತೇನೆ. ಔಷಧಿಯ ಅಳತೆ ಮೂರು ಸಲ. ಮನೆಯ ಬೀಗ ಮೂರು ಸಲ. ಒಳ್ಳೆಯ ಅಭ್ಯಾಸ ಎಂದು ಎಲ್ಲರೂ ಹೊಗಳುತ್ತಾರೆ. ಅದು ಅಭ್ಯಾಸವಲ್ಲ ಅಪ್ಪ. ನನಗೇ ತಿಳಿಯದೆ ನಾನು ಏನಾದರೂ ಮಾಡಿರಬಹುದು ಎಂಬ ಹೆದರಿಕೆ. ಅದನ್ನು ನನಗೆ ಕೊಟ್ಟವರು ನೀವು. 'ನಿಂಗೆ ಗೊತ್ತಾಗಿರಲ್ಲ.' ಆ ಒಂದು ಮಾತಿನ ಮೇಲೆ ನಾನು ಹನ್ನೊಂದು ವರ್ಷ ಕಾಲೂರಿ ನಿಂತಿದ್ದೇನೆ, ಜಾರುತ್ತಾ.

ಗೊತ್ತಿಲ್ಲದೆ ಒತ್ತಿದ್ದಕ್ಕೆ ನನಗೆ ಕೋಪವಿಲ್ಲ. ಹೆದರಿದ ಮನುಷ್ಯರ ಕೈಕಾಲು ಏನೇನು ಮಾಡುತ್ತವೆ ಎಂದು ದಿನವೂ ನೋಡುತ್ತೇನೆ. ನನಗೆ ಕೋಪ ಬರುವುದು ನಿಮ್ಮ ಪಾದದ ನೋವಿಗೆ. ಪೆಡಲಿನ ಅಗಲಕ್ಕೆ ನೋಯುತ್ತಿತ್ತು ಎಂದು ಬರೆದಿದ್ದೀರಿ. ನೋವು ಎಷ್ಟು ಅಗಲವಿತ್ತು ಎಂದು ಹನ್ನೊಂದು ವರ್ಷದ ಮೇಲೂ ನೆನಪಿದೆ ನಿಮಗೆ! ನಾನು ಆ ಸಾಲನ್ನು ಬಸ್ಸಿನಲ್ಲಿ ಓದಿ, ಇಳಿಯುವ ಸ್ಟಾಪು ದಾಟಿ, ಕೊನೆಯ ಸ್ಟಾಪಿನವರೆಗೆ ಹೋಗಿದ್ದೆ. ಆಮೇಲೆ ಆ ಕಥೆಯನ್ನು ಬ್ಯಾಚಿಗೊಂದು ಸಲ ಹೇಳಿದಿರಿ. ನನ್ನನ್ನು ಪಾಠ ಮಾಡಿಕೊಂಡಿರಿ.

ಇನ್ನೊಂದು. ಕಾಗದದ ಕೊನೆಯಲ್ಲೂ ನೀವು 'ಹೋಗಿ ಕೇಳು' ಎಂದು ಬರೆದಿದ್ದೀರಿ. ಏಪ್ರಿಲ್‌ನಲ್ಲಿ ನಿಲ್ಲು, ಮೇನಲ್ಲಿ ಹೋಗು. ಅಮ್ಮ ಹೇಳಿದ್ದು ಇದೇ ತಾನೆ?

ಹೋಗುತ್ತೇನೋ ಇಲ್ಲವೋ, ಅದು ನನಗೂ ದೊಡ್ಡ ಸಿಸ್ಟರಿಗೂ ಬಿಟ್ಟದ್ದು. ಸದ್ಯಕ್ಕೆ ನನಗೆ ನಿಮ್ಮ ಕಾಗದ ಬೇಡ. ಬೇಕಾದಾಗ ನಾನೇ ಬರೆಯುತ್ತೇನೆ.

ನಿಮ್ಮ ಮಗಳು

*

ಜುಲೈ 6

ಕಡ್ಡಿ,

ಬೇಡ ಎಂದಿದ್ದೀ. ಆದ್ದರಿಂದ ಇದನ್ನು ಕಾಗದವೆಂದು ಲೆಕ್ಕ ಹಿಡಿಯಬೇಡ. ಉತ್ತರವೂ ಬೇಡ. ಒಂದೇ ವಿಷಯ.

ಹೊಸ ಬ್ಯಾಚು ಬಂತು. ಮೊದಲ ದಿನ ಸರ್ಕಲ್ಲಿನ ಕಥೆಯನ್ನು ಹೇಳಿದೆ, ನಡೆದ ಹಾಗೆ. ಒಬ್ಬರು ಎದ್ದು ದುಡ್ಡು ವಾಪಸ್ಸು ಕೇಳಿ ಹೋದರು. ಉಳಿದವರು ಇದ್ದಾರೆ. ಹಳೇ ಬ್ಯಾಚಿನವರು ದಾರಿಯಲ್ಲಿ ಸಿಕ್ಕರೆ ಅವರಿಗೂ ನಿಲ್ಲಿಸಿ ಹೇಳುತ್ತಿದ್ದೇನೆ. ಕೆಲವರಿಗೆ ಕಥೆಯೇ ಮರೆತುಹೋಗಿದೆ, ಆದರೂ ಹೇಳುತ್ತೇನೆ.

ಅಪ್ಪ

*

ಸೆಪ್ಟೆಂಬರ್ 12

ಅಪ್ಪನಿಗೆ,

ನನಗೆ ಲೈಸೆನ್ಸ್ ಸಿಕ್ಕಿತು.

ಜೂನ್‌ನಲ್ಲೇ ದೊಡ್ಡ ಸಿಸ್ಟರ ಹತ್ತಿರ ಹೋಗಿ, ಬರೆದುಕೊಟ್ಟದ್ದನ್ನು ವಾಪಸ್ಸು ಕೇಳಿದ್ದೆ. ಅವರು ಅದನ್ನು ಮೇಜಿನ ಡ್ರಾಯರಿನಿಂದ ತೆಗೆದು, 'ಮೇಲಿನವರಿಗೆ ಕಳ್ಸೇ ಇರ್ಲಿಲ್ಲ, ನೀನು ಮೂರು ಸಲ ನೋಡೋಳಲ್ವಾ' ಎಂದರು. ಸೆಪ್ಟೆಂಬರ್ ಕೊನೆಯವರೆಗೆ ಸಮಯ ಕೊಟ್ಟರು.

ಮೊದಲು ಬಸ್ ಓಡಿಸುತ್ತಿದ್ದ ಒಬ್ಬ ಹೆಂಗಸು ನನಗೆ ಕಲಿಸಿದರು. ಅವರ ಕಾರಿನ ಗಂಟೆ ಚೆನ್ನಾಗಿ ಕೆಲಸ ಮಾಡುತ್ತದೆ. ಇಪ್ಪತ್ತಾರು ಪಾಠಗಳಲ್ಲಿ ಏಳು ಸಲ ಕೂಗಿತು. ಏಳೂ ಸಲ ತಪ್ಪು ನನ್ನದೇ. ಯಾವ ತಪ್ಪು ನನ್ನದು, ಯಾವುದಲ್ಲ ಎಂದು ಗೊತ್ತಾಗುವುದು ಎಷ್ಟು ನೆಮ್ಮದಿ ಎಂದು ನಿಮಗೆ ಹೇಳಿದರೆ ತಿಳಿಯುತ್ತದೋ ಇಲ್ಲವೋ.

ಕೋಪ ಹೋಗಿದೆ ಎಂದುಕೊಳ್ಳಬೇಡಿ. ಇದೆ. ಅದನ್ನು ಇಟ್ಟುಕೊಂಡೇ ಬರುತ್ತೇನೆ.

ನಿಮ್ಮ ಡ್ಯಾನ್ಸ್ ಕಾರ್ಯಕ್ರಮ ಇಪ್ಪತ್ತೆಂಟಕ್ಕೆ ಎಂದು ಅಮ್ಮ ಬರೆದಿದ್ದಾಳೆ. ಆಸ್ಪತ್ರೆಯ ಕಾರು ತರುತ್ತೇನೆ. ಮಾರನೆಯ ದಿನ ಬೆಳಿಗ್ಗೆ ನಿಮ್ಮಿಬ್ಬರನ್ನೂ ಊರು ಸುತ್ತಿಸುತ್ತೇನೆ. ಅಮ್ಮ ಮುಂದೆ ಕೂರಲಿ. ನೀವು ಹಿಂದೆ. ಮಾತಾಡುವ ಹಾಗಿಲ್ಲ.

ಕಡ್ಡಿ

*

ಸೆಪ್ಟೆಂಬರ್ 30

ಕಡ್ಡಿ,

ನೀನು ಹೋಗಿ ಒಂದು ದಿನವಾಯಿತು. ಮಾತಾಡುವ ಹಾಗಿಲ್ಲ ಎಂದಿದ್ದಕ್ಕೆ ಹೇಳದೆ ಉಳಿದದ್ದನ್ನು ಬರೆಯುತ್ತಿದ್ದೇನೆ.

ನೀನು ಬಿಡಬೇಡಿ ಎಂದದ್ದಕ್ಕೆ ಆ ಮೆಟ್ಟಿಲನ್ನು ಮತ್ತೆ ಹತ್ತಿದ್ದೆ; ಡ್ಯಾನ್ಸ್ ನೀನೇ ನೋಡಿದೆ. ಕಾರ್ಯಕ್ರಮ ಮುಗಿದ ಮೇಲೆ, ನೀನು ಕೊಳಾಯಿಯವನ ಮೊಣಕೈ ನೋವು ನೋಡುತ್ತಿದ್ದಾಗ, ನಿನ್ನ ಅಮ್ಮ ನನ್ನ ಹತ್ತಿರ ಬಂದು ಕೈ ಚಾಚಿದಳು. ಅದನ್ನು ನೀನು ನೋಡಲಿಲ್ಲ. ನಾನು ಅಂಗೈ ಕೆಳಗಿಟ್ಟು ಕಾದೆ. ಎಷ್ಟೋ ಹೊತ್ತಾಯಿತು ಎನ್ನಿಸಿತು, ಅವಳು ಭಾರ ಬಿಡುತ್ತಲೇ ಇಲ್ಲ. ಆಮೇಲೆ ಬಿಟ್ಟಳು, ಸ್ವಲ್ಪವೇ. ಆ ರಬ್ಬರ್ ಪಟ್ಟಿ ಎನ್ನುತ್ತಾರಲ್ಲ, ಎಂಟು ತಿಂಗಳಿಗೆ ಮೊದಲ ಸಲ ಅದು ನನ್ನ ಕೈಗೆ ಸಿಕ್ಕಿತು. ಆ ಕಡೆಯಿಂದಲೂ ಒಬ್ಬರು ಎಳೆಯುತ್ತಿದ್ದಾರೆ ಎಂದು ಗೊತ್ತಾಯಿತು. ಒಂದೇ ಹಾಡು. ಮುಗಿದ ಮೇಲೆ, 'ಎರಡೇ ಸಲ ನಿಲ್ಲಿಸಿದ್ರಿ' ಎಂದಳು. ಮುಂದಿನ ವರ್ಷವೂ ಕೊಳಾಯಿಯವನ ಜೊತೆಯೇ ಎಂದೂ ಹೇಳಿದಳು. ನನಗೆ ಬೇಸರವಾಯಿತು, ಆದರೂ ಸರಿ ಎಂದೆ.

ಇನ್ನು ನಿನ್ನೆಯ ಸವಾರಿ. ನಿನ್ನ ಕಣ್ಣು ರಸ್ತೆಯ ಮೇಲಿತ್ತು, ಹಾಗಾಗಿ ಹಿಂದಿನ ಸೀಟಿನಲ್ಲಿ ನಡೆದದ್ದು ನಿನಗೆ ತಿಳಿದಿಲ್ಲ. ನಾನು ನಾಲ್ಕು ಸಲ ಬ್ರೇಕ್ ಒತ್ತಿದೆ. ಮೊದಲನೆಯದು ನಮ್ಮ ಬೀದಿಯ ತಿರುವಿನಲ್ಲೇ. ಎರಡನೆಯದು ಶಾಲೆಯ ಮುಂದೆ. ಮೂರನೆಯದಕ್ಕೆ ಕಾರಣವೇ ಇರಲಿಲ್ಲ.

ನಾಲ್ಕನೆಯದು ಆ ಸರ್ಕಲ್ಲಿನಲ್ಲಿ. ನೀನು ಬೇರೆ ದಾರಿ ಹಿಡಿಯುತ್ತೀ ಎಂದುಕೊಂಡಿದ್ದೆ. ನೀನು ಹಿಡಿಯಲಿಲ್ಲ. ಒಂದು ಕಡೆಯಿಂದ ಲಾರಿ ಬರುತ್ತಿತ್ತು. ನಿನ್ನ ಅಮ್ಮ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದಳು. ನಿನಗೆ ಹೋಗಲು ಜಾಗವಿತ್ತು. ಅವತ್ತೂ ಅಷ್ಟೇ ಜಾಗವಿತ್ತು ಕಂದ, ನಿನ್ನೆ ಅದನ್ನು ಹಿಂದಿನಿಂದ ಕಣ್ಣಾರೆ ನೋಡಿದೆ. ನೋಡುತ್ತಿದ್ದಂತೆಯೇ ನನ್ನ ಕಾಲು ಹೋಗಿ, ಇದ್ದಷ್ಟು ಬಲ ಹಾಕಿ ಒತ್ತಿತು. ಪಾದದ ಕೆಳಗೆ ಬರೀ ಮ್ಯಾಟು. ಕಾರು ನಿಲ್ಲಲಿಲ್ಲ. ನೀನು ದಾಟಿಕೊಂಡು ಹೋದೆ.

ಅಪ್ಪ